ಪುಣೆಯಿಂದ ಚೆನ್ನೈ ಕಾರ್ ರೇಸಿಗೆ, ತಲೆಗೆ ಏಳು ಸಾವಿರದಲ್ಲಿ

ನಿಮ್ಮ ಪ್ರಶ್ನೆ ಹೀಗಿದೆ: ಪಿಂಪ್ರಿಯಲ್ಲಿರುವ ನಾಲ್ವರು ಗೆಳೆಯರು, ಕೈಯಲ್ಲೊಂದು ಪೆಟ್ರೋಲ್ ವ್ಯಾಗನ್ ಆರ್, ತಲೆಗೆ 7,000 ರೂಪಾಯಿ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ನಡೆಯುವ ರಾಷ್ಟ್ರೀಯ ಕಾರ್ ರೇಸ್ ಚಾಂಪಿಯನ್‌ಶಿಪ್ಪಿನ ಒಂದು ಸುತ್ತನ್ನು, ಅಂದರೆ ಒಂದು ವಾರಾಂತ್ಯದ ರೇಸುಗಳನ್ನು, ನೋಡಬೇಕು; ಹುಬ್ಬಳ್ಳಿಯಲ್ಲಿ ಒಬ್ಬರ ಕಾಕಾನ ಮನೆ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಬ್ಬರ ಅಣ್ಣನ ಮನೆ ಇವೆ; ಉಳಿದ ರಾತ್ರಿಗಳನ್ನು ಟ್ರ್ಯಾಕಿನ ಪಕ್ಕದಲ್ಲೇ ಕಾರಿನಲ್ಲಿ ಮಲಗಿ ಕಳೆಯಬಹುದೇ? ಹಣ ಸಾಕಾಗುತ್ತದೆ. ಆದರೆ ಮಲಗುವ ಯೋಜನೆಯನ್ನು ತಿರುಗಿಸಿಕೊಳ್ಳಿ ಎಂಬುದು ನನ್ನ ಸಲಹೆ. ಟೆಂಟಿನಲ್ಲಿ, ಕಾರಿನಲ್ಲಿ ಮಲಗುವುದು ದಾರಿಯಲ್ಲಿರಲಿ, ಟ್ರ್ಯಾಕಿನ ಊರಿನಲ್ಲಿ ನಾಲ್ವರಿಗೂ ಸೇರಿ ಒಂದು ಲಾಡ್ಜ್ ಕೋಣೆ ಇರಲಿ.

ಕಾರಣ ಹೇಳುತ್ತೇನೆ. ಫ್ರಾನ್ಸಿನ ಲ ಮಾನ್ಸ್‌ನಂಥ ಕಡೆ 24 ಗಂಟೆಗಳ ರೇಸಿಗೆ ಬಂದವರು ಟ್ರ್ಯಾಕಿನ ಸುತ್ತಲೇ ಸಾವಿರಾರು ಟೆಂಟು ಹಾಕಿ ಕೂರುವ ಚಿತ್ರಗಳನ್ನು ನೋಡಿ ಇಲ್ಲಿಯೂ ಹಾಗೆಯೇ ಇರುತ್ತದೆಂದು ಅನೇಕರು ಭಾವಿಸುತ್ತಾರೆ. ನಮ್ಮಲ್ಲಿ ಪ್ರೇಕ್ಷಕರಿಗಾಗಿ ಅಂಥ ಜಾಗ ಬಿಡುವ ಪದ್ಧತಿ ಬೆಳೆದಿಲ್ಲ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಮೊದಲು ಶೋಳವರಂನ ಯುದ್ಧಕಾಲದ ಹಳೆಯ ವಿಮಾನಪಟ್ಟಿಯ ಮೇಲೆ ರೇಸ್ ನಡೆಸುತ್ತಿತ್ತು. 1990ರಲ್ಲಿ ಇರುಂಗಾಟ್ಟುಕೋಟ್ಟೈಯ ಸ್ವಂತ ಟ್ರ್ಯಾಕಿಗೆ ಬಂದಿತು. ಆ ಟ್ರ್ಯಾಕಿನ ಸುತ್ತ ಈಗ ಕಾರ್ಖಾನೆಗಳ ವಲಯವಿದೆ, ಹ್ಯುಂಡೈ ಕಾರ್ಖಾನೆಯೂ ಅದೇ ಊರಿನಲ್ಲಿದೆ. ಲಾರಿಗಳ ಓಡಾಟ, ಸೆಕೆ, ಸೊಳ್ಳೆ, ರಾತ್ರಿ ಯಾರದೆಂದು ತಿಳಿಯದ ಖಾಲಿ ನಿವೇಶನಗಳು: ಅಲ್ಲಿ ಕಾರಿನಲ್ಲಿ ಮಲಗುವುದು ಸಾಹಸವಲ್ಲ, ಕೇವಲ ನಿದ್ದೆಗೇಡು. ಕಾರ್ಖಾನೆಗಳಿರುವುದರಿಂದಲೇ ಹತ್ತಿರದ ಶ್ರೀಪೆರಂಬುದೂರಿನಲ್ಲಿ ಸಾಧಾರಣ ದರದ ಲಾಡ್ಜುಗಳೂ ಮೆಸ್ಸುಗಳೂ ಇವೆ ಎಂಬುದು ನಿಮ್ಮ ಅನುಕೂಲ.

ಎಸಿ ಹಾಕಿಕೊಂಡು ಕಾರಿನಲ್ಲೇ ಮಲಗುತ್ತೇವೆ ಎನ್ನುವವರಿಗೆ ಲೆಕ್ಕವನ್ನೇ ತೋರಿಸಬೇಕು. ನಿಂತ ಕಾರಿನ ಎಂಜಿನ್ ಎಸಿಯೊಂದಿಗೆ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಎಂಟು ಗಂಟೆಗೆ ನಾಲ್ಕರಿಂದ ಎಂಟು ಲೀಟರ್, ಅಂದರೆ 400ರಿಂದ 800 ರೂಪಾಯಿ, ಲಾಡ್ಜ್ ಬಾಡಿಗೆಯ ಕಾಲು ಭಾಗದಿಂದ ಅರ್ಧದವರೆಗೆ. ಅದಕ್ಕಿಂತ ದೊಡ್ಡ ಮಾತೆಂದರೆ, ನಿಂತಲ್ಲೇ ಓಡುವ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಕಾರಿನೊಳಗೆ ಸೇರಿದರೆ ಮಲಗಿದವರಿಗೆ ಎಚ್ಚರವೇ ಆಗದಿರಬಹುದು. ಎಂಜಿನ್ ಚಾಲೂ ಇಟ್ಟು ಮಲಗುವ ಮಾತನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ಈಗ ಹಣ. ಪುಣೆಯಿಂದ ಹುಬ್ಬಳ್ಳಿ ಸುಮಾರು 430 ಕಿಲೋಮೀಟರ್, ಅಲ್ಲಿಂದ ಬೆಂಗಳೂರು 410, ಬೆಂಗಳೂರಿನಿಂದ ಟ್ರ್ಯಾಕ್ 310ರ ಆಸುಪಾಸು. ರಾಷ್ಟ್ರೀಯ ಹೆದ್ದಾರಿ 48 ಪುಣೆಯಿಂದ ಇರುಂಗಾಟ್ಟುಕೋಟ್ಟೈಯವರೆಗೂ ಒಂದೇ. ಅಡ್ಡದಾರಿಗಳನ್ನೂ ಸೇರಿಸಿ ಹೋಗಿಬರುವುದಕ್ಕೆ 2,400 ಕಿಲೋಮೀಟರ್ ಹಿಡಿಯಿರಿ. ನಾಲ್ವರು ಮತ್ತು ಸಾಮಾನು ತುಂಬಿದ ಕಾರು ಲೀಟರಿಗೆ 16 ಕೊಟ್ಟರೆ 150 ಲೀಟರ್. ಲೀಟರಿಗೆ 103 ರೂಪಾಯಿಯಂತೆ 15,500ರ ಹತ್ತಿರ. ಅರ್ಧಕ್ಕಿಂತ ಹೆಚ್ಚು ಹಣ ಇಲ್ಲಿಯೇ ಹೋಗುವುದರಿಂದ ಉಳಿತಾಯವನ್ನೂ ಇಲ್ಲಿಯೇ ಹುಡುಕಬೇಕು: ಮೇಲ್ಛಾವಣಿಗೆ ಕ್ಯಾರಿಯರ್ ಕಟ್ಟಬೇಡಿ, ಗಾಳಿಗೆ ಅಡ್ಡವಾಗಿ ಮೈಲೇಜ್ ತಿನ್ನುತ್ತದೆ, ಟಯರಿನ ಗಾಳಿಯನ್ನು ಪೂರ್ತಿ ಭಾರಕ್ಕೆ ಕಂಪನಿ ಹೇಳಿದಷ್ಟು ತುಂಬಿಸಿ, ವೇಗ 80–90ರಲ್ಲಿ ಸ್ಥಿರವಾಗಿರಲಿ. ಕಾಗಲ್ ದಾಟಿ ಕರ್ನಾಟಕದ ಗಡಿಯೊಳಗೆ ಬಂದ ಮೇಲೆ ಪೆಟ್ರೋಲ್ ಸಾಮಾನ್ಯವಾಗಿ ತುಸು ಅಗ್ಗ, ಆದ್ದರಿಂದ ಪುಣೆಯಲ್ಲಿ ಟ್ಯಾಂಕ್ ಭರ್ತಿ ಮಾಡಿಸದೆ ಅಲ್ಲಿಯವರೆಗೆ ಸಾಕಾಗುವಷ್ಟೇ ಹಾಕಿಸಿ.

ಟೋಲಿನ ವಿಷಯದಲ್ಲಿ ಸರಕಾರ 2025ರ ಆಗಸ್ಟ್ 15ರಂದು ಆರಂಭಿಸಿದ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಉಪಯೋಗಕ್ಕೆ ಬರುತ್ತದೆ. ಖಾಸಗಿ ಕಾರುಗಳಿಗೆ ಆರಂಭದಲ್ಲಿ ಇಟ್ಟ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ದಾಟುವಿಕೆ, ಯಾವುದು ಮೊದಲೋ ಅದು. ಈ ಒಂದು ಪ್ರಯಾಣದ ಟೋಲೇ ಹೆಚ್ಚುಕಡಿಮೆ ಅಷ್ಟಾಗುವುದರಿಂದ, ವರ್ಷದ ಉಳಿದ ಭಾಗದಲ್ಲಿ ಊರಿಗೆ ಹೋಗಿಬರುವ ಟೋಲು ನಿಮ್ಮ ಪಾಲಿಗೆ ಬಿಟ್ಟಿ ಸಿಕ್ಕಂತೆ. ಈ ಪಾಸು ರಾಷ್ಟ್ರೀಯ ಹೆದ್ದಾರಿ ಮತ್ತು ಎಕ್ಸ್‌ಪ್ರೆಸ್‌ವೇಗಳಿಗೆ ಮಾತ್ರ. ಬೆಂಗಳೂರಿನ ಸಂಚಾರ ತಪ್ಪಿಸಲು ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ನೈಸ್ ರಸ್ತೆ ಹಿಡಿದರೆ ಅದರ ಟೋಲು ಬೇರೆ. ಪೆಟ್ರೋಲಿಗೆ 15,500, ಪಾಸಿಗೆ 3,000, ನೈಸ್ ರಸ್ತೆ ಮತ್ತು ಟೆಂಟಿನ ಬಾಡಿಗೆಗೆ 1,500, ಊಟಕ್ಕೆ 4,000, ಲಾಡ್ಜಿಗೆ 1,500, ಟೆಂಟು ಹಾಕುವ ಜಾಗಕ್ಕೆ 1,000, ಪ್ರವೇಶಕ್ಕೆಂದು 1,200 ಎತ್ತಿಟ್ಟರೆ 27,700, ತಲೆಗೆ 6,925. ಪಂಕ್ಚರ್ ಆದರೂ ಈ ಲೆಕ್ಕ ಮುರಿಯುತ್ತದೆ, ಹಾಗಾಗಿ ನಾಲ್ವರೂ ಸೇರಿ 3,000 ರೂಪಾಯಿಯ ಆಪತ್ತಿನ ಹಣವನ್ನು ಬೇರೆಯಾಗಿಯೇ ಇಟ್ಟುಕೊಂಡು, ಖರ್ಚಾಗದಿದ್ದರೆ ಹಂಚಿಕೊಳ್ಳಿ.

ತಿಂಗಳ ಆಯ್ಕೆಯಲ್ಲಿ ಎರಡು ಮಳೆಗಾಲಗಳನ್ನು ನೋಡಬೇಕು. ಜುಲೈ–ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿದರೆ ಕೊಲ್ಹಾಪುರದ ಪಕ್ಕದ ಶಿರೋಳಿಯ ಬಳಿ ಹೆದ್ದಾರಿಯೇ ಮುಳುಗುತ್ತದೆ. 2019ರಲ್ಲೂ 2021ರಲ್ಲೂ ಹಾಗೆಯೇ ದಿನಗಟ್ಟಲೆ ರಸ್ತೆ ಮುಚ್ಚಿತ್ತು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಚೆನ್ನೈಯಲ್ಲಿ ಹಿಂಗಾರು. ನಡುವಿನ ಸೆಪ್ಟೆಂಬರಿನಲ್ಲಿ ಸುತ್ತು ಬಿದ್ದರೆ ಅದನ್ನೇ ಆರಿಸಿಕೊಳ್ಳಿ. ದಿನಾಂಕ ನೋಡುವಾಗ ಅದು ಕಾರಿನ ಚಾಂಪಿಯನ್‌ಶಿಪ್ಪೋ ಮೋಟಾರ್‌ಸೈಕಲಿನದೋ ಎಂದು ಖಚಿತಪಡಿಸಿಕೊಳ್ಳಿ, ಒಂದೇ ಟ್ರ್ಯಾಕಾದರೂ ಎರಡರ ವಾರಾಂತ್ಯಗಳು ಸಾಮಾನ್ಯವಾಗಿ ಬೇರೆ ಬೇರೆ.

ಗುರುವಾರ ಬೆಳಗಿನ ಐದರೊಳಗೆ ಪಿಂಪ್ರಿ ಬಿಡಿ. ಸಾತಾರಾದಿಂದ ಕಾಗಲ್‌ವರೆಗಿನ ಆರು ಪಥದ ಕಾಮಗಾರಿಯಿಂದಾಗಿ ಪಕ್ಕದ ರಸ್ತೆಗಿಳಿಯುವ ತಿರುವುಗಳು ಬಹಳ. ಕತ್ತಲಲ್ಲಿ ಆ ಭಾಗದಲ್ಲಿ ಓಡಿಸುವುದಕ್ಕಿಂತ ಬೆಳಕಿನಲ್ಲಿ ನಿಧಾನವಾಗಿ ದಾಟುವುದು ಲೇಸು. ಮಧ್ಯಾಹ್ನದ ನಂತರ ಹುಬ್ಬಳ್ಳಿ ತಲುಪಿ ಅಲ್ಲಿಯೇ ಉಳಿಯಿರಿ. ಆ ಮನೆಯವರಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ ಚಿವಡಾ ಕಟ್ಟಿಸಿಕೊಳ್ಳಲು ಸಂಕೋಚ ಪಡಬೇಡಿ. ಐದು ದಿನ ಕೆಡದ, ಒಲೆ ಬೇಡದ ಊಟ ಅದು. ಒಲೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಐದು ಕಿಲೋದ ಗ್ಯಾಸ್ ಸಿಲಿಂಡರನ್ನು ಡಿಕ್ಕಿಯಲ್ಲಿಟ್ಟುಕೊಂಡು ಬಿಸಿಲಲ್ಲಿ ಸಾವಿರ ಕಿಲೋಮೀಟರ್ ಓಡುವ ಯೋಚನೆಯನ್ನು ಬಿಟ್ಟುಬಿಡಿ. ಇಪ್ಪತ್ತು ಲೀಟರಿನ ನೀರಿನ ಕ್ಯಾನೊಂದನ್ನು ಮಾತ್ರ ತಪ್ಪದೆ ಇಟ್ಟುಕೊಳ್ಳಿ. ಶುಕ್ರವಾರ ಮತ್ತೆ ಐದಕ್ಕೆ ಹೊರಟರೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ, ಮಧ್ಯಾಹ್ನಕ್ಕೆ ಬೆಂಗಳೂರಿನ ಹೊರವಲಯ. (ದೋಸೆಯನ್ನು ನಾನು ಬಜೆಟ್ಟಿನ ಹೊರಗಿನ ಖರ್ಚೆಂದು ಪರಿಗಣಿಸುತ್ತೇನೆ.)

ಶುಕ್ರವಾರದ ರಾತ್ರಿಗೆ ನಾನು ಸೂಚಿಸುವುದು ಏಲಗಿರಿಯನ್ನು. ಕೃಷ್ಣಗಿರಿ ದಾಟಿದ ಮೇಲೆ, ವಾಣಿಯಂಬಾಡಿಯ ಆಸುಪಾಸಿನಲ್ಲಿ ಹೆದ್ದಾರಿಯಿಂದ ಒಳಗೆ ತಿರುಗಿದರೆ ಸಿಗುವ ಈ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿದೆ. ಹತ್ತುವ ರಸ್ತೆಗೆ 14 ಹೇರ್‌ಪಿನ್ ತಿರುವುಗಳು. ಅವುಗಳಿಗೆ ತಮಿಳು ಕವಿಗಳ ಮತ್ತು ದಾನಿಗಳೆಂದು ಹೆಸರಾದ ಹಳೆಯ ಅರಸರ ಹೆಸರುಗಳನ್ನಿಟ್ಟಿದ್ದಾರೆ. ಕೆಳಗಿನ ಬಯಲಿನ ಸೆಕೆ ಅಲ್ಲಿಲ್ಲ, ರಾತ್ರಿ ಹೊದಿಕೆ ಬೇಕಾಗುತ್ತದೆ, ಮತ್ತು ಟೆಂಟಿಗೆ ಜಾಗ ಕೊಡುವ ಖಾಸಗಿ ಶಿಬಿರಗಳಿವೆ. ಮುಂಚಿತವಾಗಿ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಸ್ವಂತ ಟೆಂಟು ಹಾಕಿಕೊಂಡರೆ ಎಷ್ಟು, ಕಾರು ಟೆಂಟಿನ ಪಕ್ಕಕ್ಕೇ ಬರುತ್ತದೆಯೇ, ಶೌಚಾಲಯ ರಾತ್ರಿಯಿಡೀ ತೆರೆದಿರುತ್ತದೆಯೇ. ಮೂರನೆಯದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ಜಾಗ ನೋಡಿ. ಅರಣ್ಯದ ಅಂಚಿನಲ್ಲಾಗಲಿ ಕೆರೆಯ ಬದಿಯಲ್ಲಾಗಲಿ ಅನುಮತಿಯಿಲ್ಲದೆ ಟೆಂಟು ಹಾಕಬೇಡಿ. ಹೆದ್ದಾರಿಯ ಅಂಚಿನಲ್ಲಂತೂ ಕಾರು ನಿಲ್ಲಿಸಿ ಕಣ್ಣು ಮುಚ್ಚಲೇಬೇಡಿ, ನಿಂತ ವಾಹನಕ್ಕೆ ಹಿಂದಿನಿಂದ ಲಾರಿ ಗುದ್ದುವುದು ನಮ್ಮ ಹೆದ್ದಾರಿಗಳಲ್ಲಿ ಅಪರೂಪವಲ್ಲ. ನಿದ್ದೆ ತಡೆಯದಾದರೆ ದೀಪವಿರುವ ದೊಡ್ಡ ಪೆಟ್ರೋಲ್ ಬಂಕಿನೊಳಗೆ ಹೋಗಿ, ಅಲ್ಲಿದ್ದವರನ್ನು ಕೇಳಿ, ಒಂದು ಮೂಲೆಯಲ್ಲಿ ನಿಲ್ಲಿಸಿ.

ವ್ಯಾಗನ್ ಆರ್‌ನಲ್ಲಿ ನಾಲ್ವರು ಮಲಗುವುದು ಆಗದ ಮಾತು. ಇಬ್ಬರು ಕಾರಿನಲ್ಲಿ, ಇಬ್ಬರು ಟೆಂಟಿನಲ್ಲಿ ಎಂದು ಮೊದಲೇ ನಿರ್ಧರಿಸಿ, ಮರುದಿನ ಬೆಳಿಗ್ಗೆ ಓಡಿಸುವವರಿಗೆ ಯಾವುದು ಬೇಕೋ ಅದನ್ನು ಬಿಟ್ಟುಕೊಡಿ. ಹಿಂದಿನ ಸೀಟನ್ನು ಮಡಚಿ ಮುಂದಿನ ಸೀಟುಗಳನ್ನು ಪೂರ್ತಿ ಮುಂದಕ್ಕೆ ತಳ್ಳಿದರೆ ಉದ್ದ ಸಿಗುತ್ತದೆ, ಆದರೆ ಮಡಚಿದ ಸೀಟಿಗೂ ಡಿಕ್ಕಿಯ ತಳಕ್ಕೂ ನಡುವೆ ಮೆಟ್ಟಿಲಿನಂಥ ಏರುತಗ್ಗು ಉಳಿಯುತ್ತದೆ. ಗಟ್ಟಿ ಸೂಟ್‌ಕೇಸ್ ಬಿಟ್ಟು ಬಟ್ಟೆಯ ಮೆತ್ತನೆಯ ಚೀಲಗಳನ್ನೇ ತಂದರೆ ಆ ತಗ್ಗನ್ನು ಅವುಗಳಿಂದಲೇ ತುಂಬಿ ಮೇಲೆ ಜಮಖಾನೆ ಹಾಸಬಹುದು. ಎದುರುಬದುರಿನ ಎರಡು ಕಿಟಕಿಗಳನ್ನು ಎರಡು ಬೆರಳಷ್ಟು ಇಳಿಸಿ, ಬಾಗಿಲಿನ ಮೇಲೆ ಸೊಳ್ಳೆಪರದೆಯ ಬಟ್ಟೆ ಇಳಿಬಿಟ್ಟು ಬಾಗಿಲು ಮುಚ್ಚಿದರೆ ಪರದೆ ತಾನಾಗಿ ಬಿಗಿಯುತ್ತದೆ. ಟೆಂಟು ಕೊಳ್ಳಬೇಡಿ, ಸಹ್ಯಾದ್ರಿ ಚಾರಣದವರಿಗೆ ಬಾಡಿಗೆ ಕೊಡುವ ಅಂಗಡಿಗಳು ಪುಣೆಯಲ್ಲಿವೆ. ತಾಡಪಾಲು ಮತ್ತು ಹಗ್ಗಕ್ಕೆ ರವಿವಾರ ಪೇಠೆಯ ಬೋಹರಿ ಆಳಿ ಸಾಕು. ಬುಧವಾರ ಮತ್ತು ಭಾನುವಾರ ಸೇರುವ ಜುನಾ ಬಾಜಾರಿನಲ್ಲಿ ಇನ್ನೂ ಅಗ್ಗಕ್ಕೆ ಸಿಗಬಹುದು, ಚೌಕಾಸಿಯ ತಾಳ್ಮೆಯಿದ್ದರೆ.

ಶನಿವಾರ ಬೆಳಕು ಹರಿದ ಮೇಲೆ ಬೆಟ್ಟ ಇಳಿದರೆ ಸುಮಾರು 200 ಕಿಲೋಮೀಟರ್ ದೂರದ ಟ್ರ್ಯಾಕನ್ನು ಹತ್ತರ ಹೊತ್ತಿಗೆ ಮುಟ್ಟಬಹುದು. ಟ್ರ್ಯಾಕಿನ ಉದ್ದ 3.717 ಕಿಲೋಮೀಟರ್, 12 ತಿರುವುಗಳು. ಟಿವಿಯಲ್ಲಿ ಫಾರ್ಮುಲಾ ಒನ್ ನೋಡಿ ಬಂದವರಿಗೆ ಇಲ್ಲಿನ ಲಯ ಬೇರೆ ಅನಿಸುತ್ತದೆ: ಒಂದೇ ದೀರ್ಘ ರೇಸಿನ ಬದಲು ಹಲವು ವರ್ಗಗಳ ಚಿಕ್ಕ ಚಿಕ್ಕ ರೇಸುಗಳು. ಎಂಟು ಸುತ್ತಿನ ರೇಸ್ ಎಂದರೆ 30 ಕಿಲೋಮೀಟರ್‌ಗೂ ತುಸು ಕಡಿಮೆ, ಕಾಲು ಗಂಟೆಯ ಆಸುಪಾಸು. ಒಂದು ಮುಗಿದು ಇನ್ನೊಂದಕ್ಕೆ ಕಾಯುವ ಹೊತ್ತು ಹೆಚ್ಚು. ಆದ್ದರಿಂದ ಟೋಪಿ, ಕಿವಿಗೆ ಇಯರ್‌ಪ್ಲಗ್, ನೀರು ಮೂರೂ ಜೊತೆಗಿರಲಿ. ನನಗೆ ಅತ್ಯಂತ ಇಷ್ಟವಾಗುವುದು ಫಾರ್ಮುಲಾ ಎಲ್‌ಜಿಬಿ 1300 ವರ್ಗ. ಎಲ್ಲರಿಗೂ ಒಂದೇ ಬಗೆಯ, ಹೆಚ್ಚು ಬಲವಿಲ್ಲದ ಕಾರುಗಳಾದ್ದರಿಂದ ಗುಂಪು ಚೆದುರುವುದಿಲ್ಲ, ಕೊನೆಯ ಸುತ್ತಿನವರೆಗೂ ಸ್ಥಾನ ಬದಲಾಗುತ್ತದೆ. ಅದನ್ನು ಬಿಟ್ಟು ದೊಡ್ಡ ಕಾರುಗಳಿಗಾಗಿ ಮಾತ್ರ ಕಾಯುವವರು ಅರ್ಧ ಸೊಗಸನ್ನು ಕಳೆದುಕೊಳ್ಳುತ್ತಾರೆ.

ಭಾನುವಾರ ಕೊನೆಯ ರೇಸ್ ಮುಗಿದ ಕೂಡಲೇ ಪುಣೆಯವರೆಗೆ ರಾತ್ರಿಯಿಡೀ ಓಡಿಸುವ ಉತ್ಸಾಹ ಬರುತ್ತದೆ, ಅದಕ್ಕೆ ಮಣಿಯಬೇಡಿ. ಎರಡು ದಿನ ಬಿಸಿಲಿನಲ್ಲಿ ನಿಂತ ದೇಹಕ್ಕೆ ಬೆಳಗಿನ ಜಾವದಲ್ಲಿ ನಿದ್ದೆ ಬಂದೇ ಬರುತ್ತದೆ. ನಾಲ್ಕೂವರೆಗೆ ಹೊರಟು, ಆಂಬೂರಿನಲ್ಲಿ ಬಿರಿಯಾನಿ ತಿಂದು, ರಾತ್ರಿ ಎಲೆಕ್ಟ್ರಾನಿಕ್ ಸಿಟಿಯ ಅಣ್ಣನ ಮನೆ ಸೇರಿ. ಹೊಸೂರು ರಸ್ತೆಯ ಮೇಲೇ ಇರುವುದರಿಂದ ಊರೊಳಗೆ ನುಗ್ಗುವ ಕಷ್ಟವಿಲ್ಲ. ಸೋಮವಾರದ 840 ಕಿಲೋಮೀಟರಿಗೆ ಕನಿಷ್ಠ ಇಬ್ಬರು ಚಾಲಕರು ಬೇಕು. ಹುಬ್ಬಳ್ಳಿಯಿಂದ ಮುಂದಿನ ಭಾಗವನ್ನು, ಕಾಮಗಾರಿಯ ತಿರುವುಗಳಿರುವ ಕೊಲ್ಹಾಪುರ–ಸಾತಾರಾ ರಸ್ತೆ ಸಂಜೆಗತ್ತಲಲ್ಲಿ ಎದುರಾಗುವುದರಿಂದ, ನಿಮ್ಮಲ್ಲಿ ಹೆಚ್ಚು ಅನುಭವವಿರುವವರಿಗೆ ಇಟ್ಟುಕೊಂಡು, ಅವರನ್ನು ಬೆಳಗಿನ ಪಾಳಿಯಲ್ಲಿ ಹಿಂದಿನ ಸೀಟಿನಲ್ಲಿ ಮಲಗಲು ಬಿಡಿ.