ಪ್ಯಾನಲ್ ಸುಡುತ್ತದೆ, ನಲ್ಲಿಯಲ್ಲಿ ಮಾತ್ರ ತಣ್ಣೀರು!

ಪ್ರಶ್ನೆ: ನಮ್ಮದು 100 ಲೀಟರಿನ ಸೋಲಾರ್, ತಾಮ್ರದ ಕೊಳವೆಗಳ ಪ್ಯಾನಲ್. ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಲು ಕಳಚಿ ಮತ್ತೆ ಜೋಡಿಸಿದ ಮೇಲೆ ನೀರು ಕಾಯುತ್ತಿಲ್ಲ. ಮಧ್ಯಾಹ್ನ ಪ್ಯಾನಲ್ಲಿನ ಮೇಲ್ತುದಿ ಮುಟ್ಟಿದರೆ ಕೈ ಸುಡುತ್ತದೆ. ಪ್ಲಂಬರ್ ‘ಪ್ಯಾನಲ್ ಹೋಗಿದೆ, ಬದಲಿಸಿ’ ಎನ್ನುತ್ತಾರೆ. ಬದಲಿಸಬೇಕೆ?
— ಓದುಗರು, ತುಮಕೂರು

ಉತ್ತರ: ಈಗಲೇ ಬೇಡ. ಕೈ ಸುಡುತ್ತದೆ ಎಂದರೆ ಪ್ಯಾನಲ್ ಬಿಸಿಲನ್ನು ಹೀರುತ್ತಿದೆ. ಕಾದ ನೀರು ಟ್ಯಾಂಕಿಗೆ ಏರುತ್ತಿಲ್ಲ, ತೊಂದರೆ ಇರುವುದು ಅಲ್ಲಿ.

ಈ ವ್ಯವಸ್ಥೆಯಲ್ಲಿ ಪಂಪ್ ಇಲ್ಲ. ಕಾದ ನೀರು ಹಿಗ್ಗಿ ಹಗುರಾಗಿ ಮೇಲೇರುತ್ತದೆ, ಟ್ಯಾಂಕಿನ ತಳದ ತಣ್ಣೀರು ಆ ಜಾಗಕ್ಕೆ ಇಳಿಯುತ್ತದೆ. ಶಾಲೆಯಲ್ಲಿ ಓದಿದ ‘ಸಂವಹನ’ ಇದೇ. ಆದರೆ ಅದರ ಬಲ ಎಷ್ಟು ಕಡಿಮೆ ಎಂಬುದನ್ನು ಯಾರೂ ಹೇಳುವುದಿಲ್ಲ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 998 ಗ್ರಾಂ ತೂಗಿದರೆ, 60 ಡಿಗ್ರಿಯದು 983 ಗ್ರಾಂ. ವ್ಯತ್ಯಾಸ 15 ಗ್ರಾಂ. ಬಿಸಿನೀರಿನ ಮತ್ತು ತಣ್ಣೀರಿನ ಕಂಬಗಳು ಒಂದೊಂದು ಮೀಟರ್ ಎತ್ತರವಿದ್ದರೆ ನೀರನ್ನು ತಳ್ಳುವ ಒತ್ತಡ ಬರೇ 15 ಮಿಲಿಮೀಟರ್ ನೀರಿನದು, ಅಂದರೆ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು! ಇಷ್ಟು ಬಡಪಾಯಿ ಬಲವನ್ನು ಒಂದು ಗಾಳಿಗುಳ್ಳೆಯೂ ತಡೆದೀತು.

ಮೊದಲು ಪ್ಯಾನಲ್ಲಿನ ಮೇಲ್ತುದಿಯಿಂದ ಟ್ಯಾಂಕಿಗೆ ಹೋಗುವ ಬಿಸಿನೀರಿನ ಪೈಪ್ ನೋಡಿ. ಅದು ಉದ್ದಕ್ಕೂ ಏರುತ್ತಲೇ ಹೋಗಬೇಕು, ಎಲ್ಲಿಯೂ ಏರಿ ಇಳಿದು ಮತ್ತೆ ಏರಬಾರದು. ನೀರು ಕಾಯುವಾಗ ಅದರಲ್ಲಿ ಕರಗಿದ್ದ ಗಾಳಿ ಬಿಟ್ಟುಕೊಂಡು ಆ ಗೂನಿನಲ್ಲಿ ಸೇರಿಕೊಂಡರೆ ಹರಿವು ನಿಂತಂತೆ. ಮಧ್ಯಾಹ್ನ ಆ ಪೈಪನ್ನು ಬಟ್ಟೆ ಹಿಡಿದು ಮುಟ್ಟಿ ನೋಡಿ: ಪ್ಯಾನಲ್ ಬಳಿ ಸುಡುತ್ತಿದ್ದು ಟ್ಯಾಂಕಿನ ಬಳಿ ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ ಎಂದೇ ಅರ್ಥ.

ಕಳಚಿ ಜೋಡಿಸುವಾಗ ಆಗುವ ಇನ್ನೊಂದು ತಪ್ಪು ಮೂಲೆಗಳದು. ತಣ್ಣೀರು ಪ್ಯಾನಲ್ಲಿನ ಕೆಳಗಿನ ಒಂದು ಮೂಲೆಯಿಂದ ಒಳಹೊಕ್ಕು, ಎದುರು ಬದಿಯ ಮೇಲಿನ ಮೂಲೆಯಿಂದ ಹೊರಬರಬೇಕು. ಉಳಿದೆರಡು ಮೂಲೆಗಳಿಗೆ ಬಿರಟೆ. ಎರಡೂ ಒಂದೇ ಬದಿಯಲ್ಲಿದ್ದರೆ ಆಚೆ ಬದಿಯ ಕೊಳವೆಗಳಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಬಿಸಿನೀರು ಹೊರಡುವ ಮೂಲೆ ಒಂದೆರಡು ಸೆಂಟಿಮೀಟರ್ ಎತ್ತರವಿದ್ದರೆ ಗಾಳಿ ತಾನೇ ಹೊರಹೋಗುತ್ತದೆ. ಹಳೆಯ ಪೈಪ್ ಬದಲು ಅರ್ಧ ಇಂಚಿನದನ್ನೇನಾದರೂ ಸಿಕ್ಕಿಸಿದ್ದಾರೆಯೇ ನೋಡಿ. ಟ್ಯಾಂಕಿಗೂ ಪ್ಯಾನಲ್ಲಿಗೂ ನಡುವೆ ಒಂದು ಇಂಚು ಬೇಕು, ಎಲ್ಬೋಗಳು ಕಡಿಮೆಯಿದ್ದಷ್ಟೂ ಒಳ್ಳೆಯದು.

ಎಲ್ಲ ಸರಿಪಡಿಸಿದ ಮೇಲೆ, ಬಿಸಿಲೇರುವ ಮುನ್ನ ತಣ್ಣೀರಿನ ವಾಲ್ವ್ ಮುಚ್ಚಿ, ಕೆಳಗಿನ ಡ್ರೈನ್ ತೆರೆದು ಖಾಲಿ ಮಾಡಿ, ಮತ್ತೆ ನಿಧಾನವಾಗಿ ತುಂಬಿಸಿ. ಖಾಲಿ ಮಾಡುವ ಮೊದಲು ಟ್ಯಾಂಕಿನ ಮೇಲಿನ ಏರ್ ವೆಂಟ್ ಕಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ. ಗಾಳಿ ಒಳಬರಲು ದಾರಿ ಇಲ್ಲದಿದ್ದರೆ ತೆಳು ತಗಡಿನ ಟ್ಯಾಂಕ್ ಒಳಕ್ಕೆ ನೆಗ್ಗಿಹೋಗುತ್ತದೆ. ಡ್ರೈನ್ ನೀರಿನಲ್ಲಿ ಬಿಳಿ ಚಕ್ಕೆ ಕಂಡರೆ ಅದು ಬೋರ್‌ವೆಲ್ ನೀರಿನ ಸುಣ್ಣ. ಆಗ ಕೊಳವೆಗಳನ್ನು ಬಲ್ಲವರಿಂದ ತೊಳೆಸಬೇಕು.

ಪ್ರಶ್ನೆ: ಸಂಜೆ ಚೆನ್ನಾಗಿ ಕಾದಿರುವ ನೀರು ಬೆಳಿಗ್ಗೆ ಬಳಸುವ ಹೊತ್ತಿಗೆ ಆರಿರುತ್ತದೆ. ನಮ್ಮದೂ ತಾಮ್ರದ ಪ್ಯಾನಲ್. ಟ್ಯಾಂಕ್ ಪ್ಯಾನಲ್ಲಿನ ಮೇಲ್ತುದಿಯ ಮಟ್ಟಕ್ಕೇ ಇದೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವ್ ಹಾಕಿಸಬಹುದೇ?
— ಓದುಗರು, ಹಾಸನ

ಉತ್ತರ: ಕಾರಣ ನೀವೇ ಹೇಳಿದ್ದೀರಿ, ಟ್ಯಾಂಕಿನ ಎತ್ತರ. ಮೋಡವಿಲ್ಲದ ರಾತ್ರಿ ಪ್ಯಾನಲ್ ಆಕಾಶಕ್ಕೆ ಶಾಖ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಬಲ್ಲದು. ಅದರೊಳಗಿನ ನೀರು ಭಾರವಾಗಿ ಕೆಳಗಿನ ಪೈಪಿನಿಂದ ಟ್ಯಾಂಕಿನ ತಳ ಸೇರುತ್ತದೆ, ಅದರ ಬದಲಿಗೆ ಟ್ಯಾಂಕಿನ ಬಿಸಿನೀರು ಪ್ಯಾನಲ್ಲಿಗೆ ಇಳಿಯುತ್ತದೆ. ಚಕ್ರ ತಿರುಗುಮುರುಗು! ಬೆಳಗಿನ ಜಾವ, ಬಿಸಿಲು ಬೀಳುವ ಮುನ್ನ, ಪ್ಯಾನಲ್ಲಿನ ಮೇಲ್ತುದಿಯ ಪೈಪ್ ಬೆಚ್ಚಗಿದ್ದರೆ ಇದೇ ಕಾರಣ. ಅದು ತಣ್ಣಗಿದ್ದು ಟ್ಯಾಂಕಿನ ಹೊರಮೈ ಬೆಚ್ಚಗಿದ್ದರೆ ಒಳಗಿನ ಫೋಮ್ ಹೊದಿಕೆ ನೀರು ಕುಡಿದು ಕೆಟ್ಟಿದೆ.

ವಾಲ್ವ್ ಬೇಡ. ಸ್ಪ್ರಿಂಗ್ ಇರುವ ವಾಲ್ವ್ ತೆರೆಯಲು ಮೇಲೆ ಹೇಳಿದ ಉಗುರೆತ್ತರದ ಒತ್ತಡ ಸಾಲದು, ಹಗಲಿನ ಹರಿವೂ ನಿಂತುಹೋಗುತ್ತದೆ. ಟ್ಯಾಂಕಿನ ತಳ ಪ್ಯಾನಲ್ಲಿನ ಮೇಲ್ತುದಿಗಿಂತ ಸುಮಾರು 30 ಸೆಂಟಿಮೀಟರ್ ಮೇಲಿರುವಂತೆ ಸ್ಟ್ಯಾಂಡ್ ಎತ್ತರಿಸಿ. 100 ಲೀಟರಿನ ಟ್ಯಾಂಕ್ ತುಂಬಿದರೆ ನೀರೇ ಸುಮಾರು 100 ಕೆ.ಜಿ. ತೂಗುವುದರಿಂದ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಮುಗಿಸಬೇಡಿ, ವೆಲ್ಡ್ ಮಾಡಿಸಿ.

ಪ್ರಶ್ನೆ: ಕುದಿಯುವ ನೀರಿನ ಪಾತ್ರೆ ತಳ ಹಿಡಿಯುವುದಿಲ್ಲ. ರಾಗಿ ಗಂಜಿ ಮಾತ್ರ ಕೈ ಬಿಟ್ಟರೆ ಸೀದುಹೋಗುತ್ತದೆ. ಏಕೆ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಗಂಜಿ ಮಂದವಾದೊಡನೆ ಅದರೊಳಗಿನ ಹರಿವು ನಿಲ್ಲುತ್ತದೆ. ತೆಳು ನೀರಿನಲ್ಲಿ ತಳದ ಪದರ ಕಾದ ಕೂಡಲೇ ಎದ್ದುಹೋಗಿ ಶಾಖ ಹಂಚುತ್ತದೆ. ಗಂಜಿಯಲ್ಲಿ ಆ ಪದರ ಅಲ್ಲೇ ಕುಳಿತು, ಅದರಲ್ಲಿನ ನೀರು ಆವಿಯಾಗಿ, ಉಷ್ಣತೆ 100 ಡಿಗ್ರಿ ದಾಟುತ್ತದೆ. ಹಿಟ್ಟು ಸೀಯುವುದು ಆಗ. ಉಳಿದ ದಾರಿ ವಹನ ಒಂದೇ, ಅಂದರೆ ವಸ್ತು ತಾನು ಹರಿಯದೆ ಶಾಖವನ್ನಷ್ಟೇ ದಾಟಿಸುವುದು, ಅದರಲ್ಲಿ ನೀರು ತೀರಾ ಸೋಮಾರಿ: ಶಾಖ ಸಾಗಿಸುವುದರಲ್ಲಿ ತಾಮ್ರ ಅದಕ್ಕಿಂತ ಸುಮಾರು 600 ಪಟ್ಟು ಮುಂದು. ಸೌಟಿನಿಂದ ತಿರುವುತ್ತಿರುವವರು ಪಂಪಿನ ಕೆಲಸ ಮಾಡುತ್ತಿದ್ದಾರೆ. ಬರೇ ನಡುವೆ ತಿರುವಿದರೆ ಸಾಲದು, ಸೌಟು ತಳಕ್ಕೆ ಮುಟ್ಟಿ ಕೆರೆಯುತ್ತಿರಬೇಕು.