ಸಮುದ್ರವೇ ಬಿಸಿಯಾಗುತ್ತಿರುವಾಗ ಎರಡು ತಿಂಗಳ ಮೀನುಗಾರಿಕೆ ನಿಷೇಧದಿಂದ ಬೂತಾಯಿ, ಬಂಗುಡೆ ಉಳಿಯುತ್ತವೆಯೇ?

ನಿಷೇಧ ಬೇಕು, ಆದರೆ ಅದೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ. ಮಂಗಳೂರಿನಲ್ಲಿ ಮೀನುಗಾರಿಕೆ ಓದಿ, ಈಗ ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ, ತುಂಗಭದ್ರಾ ಜಲಾಶಯದ ಪಕ್ಕದಲ್ಲಿ ನೆಲೆಸಿದ್ದೇನೆ.

ಬೂತಾಯಿಯ ಹೊಟ್ಟೆಪಾಡು ನಡೆಯುವುದೇ ಮುಂಗಾರಿನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ಗಾಳಿಗೆ ಮೇಲಿನ ನೀರು ಕರಾವಳಿಯಿಂದ ಆಚೆ ಸರಿದು, ಆಳದಲ್ಲಿರುವ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಆಗ ಹುಲುಸಾಗಿ ಬೆಳೆಯುವ ಸಸ್ಯಪ್ಲವಕಗಳೇ (ನೀರಿನಲ್ಲಿ ತೇಲುವ ಅತಿ ಸೂಕ್ಷ್ಮ ಸಸ್ಯಗಳು) ಈ ಮೀನಿನ ಮುಖ್ಯ ಆಹಾರ. ಮೇಲಿನ ನೀರು ವಿಪರೀತ ಬಿಸಿಯಾದರೆ ಹಗುರವಾಗಿ ಮೇಲೆಯೇ ನಿಂತುಬಿಡುತ್ತದೆ, ಕೆಳಗಿನದು ಅದನ್ನು ಭೇದಿಸಿ ಬರುವುದು ಕಷ್ಟವಾಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಇದಕ್ಕೆಲ್ಲ ಬಿಸಿಯೊಂದನ್ನೇ ಹೊಣೆ ಮಾಡುವುದು ಸರಿಯಲ್ಲ. 2015ರ ಎಲ್ ನಿನೋ (ಪೆಸಿಫಿಕ್ ಸಾಗರ ಬಿಸಿಯಾಗಿ ಬೇರೆಡೆಯ ಹವಾಮಾನವನ್ನೂ ಏರುಪೇರು ಮಾಡುವ ವಿದ್ಯಮಾನ) ಜೊತೆಗೆ, ಮರಿಗಳನ್ನೂ ಬಿಡದೆ ಬಾಚಿದ ಬಲೆಗಳ ಪಾಲೂ ಇದೆ.

ಇನ್ನೊಂದು ತೊಡಕು, ಮೀನು ಜಾಗ ಬದಲಿಸುವುದು. ಹಿಂದೆ ಬೂತಾಯಿ ಹೆಚ್ಚಾಗಿ 8ರಿಂದ 14 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ, ಅಂದರೆ ನಮ್ಮ ಭಟ್ಕಳದವರೆಗಿನ ಕಡಲಿನಲ್ಲಿ ಸಿಗುತ್ತಿತ್ತು. 1980ರ ದಶಕದಿಂದೀಚೆಗೆ ಅದು ಇನ್ನೂ ಉತ್ತರಕ್ಕೂ ಪೂರ್ವ ಕರಾವಳಿಗೂ ಹಬ್ಬಿದೆ. ಮೀನಿಗೆ ಗಡಿಯಿಲ್ಲ, ಆದರೆ ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ನೀರು ಆಯಾ ರಾಜ್ಯದ್ದು, ಬಲೆಯ ಕಣ್ಣು, ಮೀನಿನ ಗಾತ್ರಗಳ ನಿಯಮವೂ ಅವರವರದ್ದೇ. ಪಶ್ಚಿಮ ಕರಾವಳಿಯ ನಿಷೇಧವಂತೂ ಜೂನ್ 1ರಿಂದ ಜುಲೈ 31ರವರೆಗೆ ಎಂದು ಕ್ಯಾಲೆಂಡರಿನಲ್ಲಿ ಗಟ್ಟಿಯಾಗಿ ಕೂತಿದೆ, ಮೊಟ್ಟೆಯಿಡುವ ಕಾಲ ಹಿಂದುಮುಂದಾದರೆ ಅದು ತಾನಾಗಿ ಸರಿಯುವುದಿಲ್ಲ.

ಹೀಗಾಗಿ ನಾನು ದಿನಾಂಕಕ್ಕಿಂತ ಗಾತ್ರದ ನಿಯಮಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಬೂತಾಯಿಗೆ 10, ಬಂಗುಡೆಗೆ 14 ಸೆಂಟಿಮೀಟರಿಗಿಂತ ಚಿಕ್ಕದನ್ನು ಹಿಡಿಯಬಾರದೆಂದು ಕೇರಳ ನಿಯಮ ಮಾಡಿದೆ. ಹೋದ ತಿಂಗಳು ಹೊಸಪೇಟೆಯ ಮಾರ್ಕೆಟ್ಟಿನಿಂದ ತಂದ ಐಸಿನ ಬಂಗುಡೆಗಳನ್ನು ಮಗಳ ಶಾಲೆಯ ಸ್ಕೇಲಿನ ಮೇಲಿಟ್ಟು ನೋಡಿದೆ: ಒಂಬತ್ತರಲ್ಲಿ ನಾಲ್ಕು ಹದಿನಾಲ್ಕನ್ನು ಮುಟ್ಟಲಿಲ್ಲ, ಸೀಳಿದರೆ ಒಂದರಲ್ಲೂ ಮೊಟ್ಟೆಯ ಚೀಲ ಬಲಿತಿರಲಿಲ್ಲ. ಇಲ್ಲಿ ಜಲಾಶಯದಲ್ಲಿ ಕಟ್ಲಾ, ರೋಹು ಕಡಿಮೆಯಾದರೆ ಸಾಕಣೆ ಕೇಂದ್ರದ ಮರಿ ತಂದು ಬಿಡುತ್ತಾರೆ. ಸಮುದ್ರಕ್ಕೆ ಬಂಗುಡೆಯನ್ನು ಹಾಗೆ ಬಿತ್ತಲಾಗದು. ಹಿಡಿಯದೆ ಬಿಟ್ಟ ಮೀನೇ ಅದಕ್ಕೆ ಬೀಜ.