ಊರ ಪಕ್ಕದ ಸರ್ಕಾರಿ ಕಾಡಿನಲ್ಲಿ ಗಿಡ ನೆಟ್ಟು, ಕೆರೆ ಮಾಡಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಮಲೆನಾಡಿನ ಊರು, ಪಕ್ಕದಲ್ಲೇ 40 ಎಕರೆ ಬೋಳಾದ ಸರ್ಕಾರಿ ಗುಡ್ಡ. ಯುವಕ ಸಂಘದ 25 ಜನ ಸೇರಿ ಬರುವ ಮಳೆಗಾಲಕ್ಕೆ ಪೂರ್ತಿ ಗಿಡ ನೆಡಬೇಕು, ಒಂದು ಸಣ್ಣ ಕೆರೆಯನ್ನೂ ಮಾಡಬೇಕು ಅಂತಿದ್ದೀರಿ. ಯಾರ ಅನುಮತಿ ಬೇಕು, ಏನು ನೆಡಬೇಕು, ಆಮೇಲೆ ನೋಡಿಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ.

ನಾನು ಶಿರಸಿ ಸೀಮೆಯವನು. ಊರವರೂ ಅರಣ್ಯ ಇಲಾಖೆಯೂ ಸೇರಿ ಕಾಡು ನೋಡಿಕೊಳ್ಳುವ ನಮ್ಮೂರಿನ ಗ್ರಾಮ ಅರಣ್ಯ ಸಮಿತಿಯಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಇದ್ದೆ. ನಡುವೆ ಕೆಲವು ವರ್ಷ ಅಧ್ಯಕ್ಷನೂ ಆಗಿದ್ದೆ. ನಾವು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಗುಡ್ಡದ ಸುತ್ತ ದನ ಬರದಂತೆ ಅಗಳ, ಅಂದರೆ ಆಳದ ಕಾಲುವೆ, ತೋಡಿಸಿದೆವು. ಒಳಗೆ ಗಿಡ ನೆಟ್ಟೆವು. ಮಳೆಗಾಲ ಮುಗಿಯುವಷ್ಟರಲ್ಲಿ ಅಗಳದ ಒಂದು ಕಡೆ ಯಾರೋ ಮಣ್ಣು ತುಂಬಿದ್ದರು. ಸರಿಮಾಡಿಸಿದೆವು. ಮತ್ತೆ ಅದೇ ಜಾಗದಲ್ಲಿ ತುಂಬಿತು. ಮೂರನೇ ಸಲವೂ ಹಾಗೇ ಆಯಿತು. ಸಭೆಯಲ್ಲಿ ಕೂಗಾಡಿದೆವು, ದಂಡ ಹಾಕಬೇಕು ಅಂದೆವು. ಕೊನೆಗೆ ಕೆಳಕೇರಿಯ ಒಬ್ಬ ಅಜ್ಜಿ ನನ್ನನ್ನು ನಿಲ್ಲಿಸಿ ಹೇಳಿದರು: ‘ತಮಾ, ಅದು ನಮ್ಮ ದನ ನೀರಿಗೆ ಹೋಗೋ ದಾರಿ. ನೀವು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ.’

ಹೋಗಿ ನೋಡಿದರೆ ಗುಡ್ಡದ ಆ ಬದಿಯಲ್ಲಿ ಏಪ್ರಿಲ್‌ನಲ್ಲೂ ಬತ್ತದ ಒಂದು ಒರತೆ. ನಮ್ಮ ನಕ್ಷೆಯಲ್ಲಿ ಅದು ಇರಲೇ ಇಲ್ಲ. ನಕ್ಷೆ ಬರೆದವರು ನಾವು ಐದಾರು ಜನ ಗಂಡಸರು. ಸಭೆ ಸೇರುತ್ತಿದ್ದದ್ದು ರಾತ್ರಿ ಎಂಟು ಗಂಟೆಗೆ, ಮೇಲಿನ ಕೇರಿಯಲ್ಲಿ. ದನ ಹೊಡೆದುಕೊಂಡು ಹೋಗುವವರು, ಸೊಪ್ಪು ತರುವವರು, ದರಕು (ಒಣ ತರಗೆಲೆ) ಗುಡಿಸುವವರು ಯಾರೂ ಅಲ್ಲಿ ಇರಲಿಲ್ಲ. ಆ ದಾರಿಯನ್ನು ಬಿಟ್ಟುಕೊಟ್ಟು ಅಲ್ಲೊಂದು ದಣಪೆ (ತೆಗೆದು ಹಾಕುವ ಬಾಗಿಲು) ಹಾಕಿದೆವು. ಅದಾದ ಮೇಲೆ ಅಗಳವನ್ನು ಯಾರೂ ಮುಟ್ಟಲಿಲ್ಲ.

ಹಾಗಾಗಿ ಯೋಜನೆ ಬರೆಯುವ ಮೊದಲು ಗುಡ್ಡವನ್ನು ಈಗ ಯಾರು ಯಾವುದಕ್ಕೆ ಬಳಸುತ್ತಿದ್ದಾರೆ ಅಂತ ತಿಳಿದುಕೊಳ್ಳಿ. ಸಭೆ ಕರೆದು ಕೇಳಿದರೆ ಇದು ಸಿಗುವುದಿಲ್ಲ. ಅವರ ಜೊತೆ ನಡೆಯಬೇಕು. ಸೊಪ್ಪಿಗೆ ಹೋಗುವವರ ಜೊತೆ ಒಂದು ದಿನ, ದನ ಕಾಯುವವರ ಜೊತೆ ಒಂದು ದಿನ. ಜೇನು ಕೀಳುವವರು, ಉಪ್ಪಾಗೆ ಹಣ್ಣು ಕೊಯ್ಯುವವರು ಇದ್ದರೆ ಅವರ ಜೊತೆಗೂ ಹೋಗಿ. ಚೌಡಿ ಕಲ್ಲು, ದೇವರ ಬನ ಎಲ್ಲಿದೆ ಅಂತ ಕೇಳಿ. ಬೇಸಿಗೆಯಲ್ಲಿ ಒಮ್ಮೆ, ಜೋರು ಮಳೆಯಲ್ಲಿ ಒಮ್ಮೆ ಸುತ್ತಿ. ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ಜುಲೈನಲ್ಲಿ ಕೊಡೆ ಹಿಡಿದು ನಿಂತಾಗ ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಈ ಮಳೆಗಾಲಕ್ಕೆ ಪೂರ್ತಿ ಗುಡ್ಡ ಅಂತ ಹಟ ಹಿಡಿಯಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಇನ್ನು ಜಾಗದ ಜಾತಕ. ‘ಸರ್ಕಾರಿ ಕಾಡು’ ಅನ್ನುವುದು ಒಂದೇ ಹೆಸರು, ಒಳಗೆ ಹತ್ತು ಬಗೆ. ಮೀಸಲು ಅರಣ್ಯ ಇರಬಹುದು, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನಬೆಟ್ಟ ಇರಬಹುದು, ಕಾನು (ದಟ್ಟ ನಿತ್ಯಹಸಿರು ಕಾಡು) ಇರಬಹುದು, ಗೋಮಾಳ ಇರಬಹುದು, ಅಧಿಸೂಚನೆ ಇಲ್ಲದಿದ್ದರೂ ಕಾಡು ಅಂತ ಪರಿಗಣಿಸುವ ‘ಡೀಮ್ಡ್ ಅರಣ್ಯ’ದ ಪಟ್ಟಿಯಲ್ಲಿ ಸೇರಿರಬಹುದು. ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. ಅಷ್ಟಕ್ಕೇ ನಿಲ್ಲಿಸಬೇಡಿ. ಪಹಣಿಯಲ್ಲಿ ಒಂದು, ಅರಣ್ಯ ಇಲಾಖೆಯ ನಕ್ಷೆಯಲ್ಲಿ ಇನ್ನೊಂದು ಇರುವುದು ನಮ್ಮ ಕಡೆ ಮಾಮೂಲು. ವಲಯ ಕಚೇರಿಯಲ್ಲಿ ಅಧಿಸೂಚನೆಯನ್ನೇ ಕೇಳಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಸೆಕ್ಷನ್ 4 ಅಂದರೆ ಮೀಸಲು ಮಾಡುತ್ತೇವೆ ಅನ್ನುವ ಮೊದಲ ಪ್ರಕಟಣೆ. ಸೆಕ್ಷನ್ 17 ಅಂದರೆ ಪೂರ್ತಿ ಮೀಸಲಾಯಿತು ಅಂತ. ನಿಮ್ಮ ಗುಡ್ಡ ಇವೆರಡರ ನಡುವೆ ನಿಂತಿದ್ದರೆ ಅಲ್ಲಿ ಜನರ ಹಕ್ಕಿನ ವಿಚಾರಣೆ ಇನ್ನೂ ಮುಗಿದಿಲ್ಲ ಅಂತ ಅರ್ಥ. ಸೊಪ್ಪಿನಬೆಟ್ಟವಾದರೆ ಇನ್ನೂ ಹುಷಾರಾಗಿರಿ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಇದೆ. ನೆಲ ಸರ್ಕಾರದ್ದೇ. ಆದರೆ ಸೊಪ್ಪಿನ ಸವಲತ್ತು ಇರುವ ಮನೆಗಳನ್ನು ಬಿಟ್ಟು ಅಲ್ಲಿ ಏನು ಮಾಡಿದರೂ ಜಗಳವೇ.

ಈಗ ಅನುಮತಿ. ಗಿಡ ನೆಡುವುದಕ್ಕೂ ಕೆರೆಗೂ ದಾರಿ ಬೇರೆ ಬೇರೆ.

ಗಿಡ ನೆಡಲು ಸಂಘದ ಹೆಸರಿನಲ್ಲಿ ನೇರವಾಗಿ ಕಾಡಿಗೆ ಇಳಿಯಬೇಡಿ. ಒಳ್ಳೆಯ ಕೆಲಸವೇ ಇರಲಿ, ಅನುಮತಿ ಇಲ್ಲದೆ ಗುಂಡಿ ತೋಡಿದರೆ ಅದು ಕೇಸಾಗುತ್ತದೆ. ನಿಮ್ಮೂರಲ್ಲಿ ಗ್ರಾಮ ಅರಣ್ಯ ಸಮಿತಿ ಇದೆಯಾ ನೋಡಿ. ಇದ್ದು ಮಲಗಿದ್ದರೆ ಎಬ್ಬಿಸಿ. ಇಲ್ಲದಿದ್ದರೆ ಹೊಸದಾಗಿ ಮಾಡಿಕೊಡಿ ಅಂತ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ. 1990ರಲ್ಲಿ ಕೇಂದ್ರ ಸರ್ಕಾರ, ಹಾಳಾದ ಕಾಡನ್ನು ಜನರ ಜೊತೆ ಸೇರಿ ಬೆಳೆಸಿ ಅಂತ ಸುತ್ತೋಲೆ ಹೊರಡಿಸಿತು. ಕರ್ನಾಟಕದ ಆದೇಶ ಬಂದದ್ದು 1993ರ ಏಪ್ರಿಲ್‌ನಲ್ಲಿ. ಬೇರೆ ಕಡೆ ಇದಕ್ಕೆ ‘ಜಂಟಿ ಅರಣ್ಯ ನಿರ್ವಹಣೆ’ ಅಂತ ಹೆಸರು. ನಮ್ಮಲ್ಲಿ ‘ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆ’. ‘ಯೋಜನೆ’ ಅನ್ನುವ ಆ ಒಂದು ಮಾತನ್ನು ನಾನು ತುಂಬ ದೊಡ್ಡದು ಅಂತ ತಿಳಿದಿದ್ದೇನೆ. ನೋಡಿಕೊಳ್ಳುವುದಕ್ಕೆ ಮಾತ್ರವಲ್ಲ, ಏನು ಮಾಡಬೇಕು ಅಂತ ತೀರ್ಮಾನಿಸುವುದಕ್ಕೂ ಊರು ಕೂತುಕೊಳ್ಳಬೇಕು ಅಂತ ಅದರ ಅರ್ಥ. ಸಮಿತಿಗೆ ಅಧ್ಯಕ್ಷರು ಊರಿನವರು, ಕಾರ್ಯದರ್ಶಿ ಫಾರೆಸ್ಟರು. ಇಬ್ಬರೂ ಸೇರಿ ಮೈಕ್ರೋಪ್ಲಾನ್, ಅಂದರೆ ಆ ಊರಿನ ಕಾಡಿಗೆ ಮಾತ್ರ ಸೇರಿದ ಯೋಜನೆ, ಬರೆಸಬೇಕು. ಉಪ ಅರಣ್ಯ ಸಂರಕ್ಷಣಾಧಿಕಾರಿ (ಡಿಸಿಎಫ್) ಅದಕ್ಕೆ ಒಪ್ಪಿಗೆ ಕೊಡಬೇಕು. ದಯವಿಟ್ಟು ಬೇರೆ ಊರಿನ ಮೈಕ್ರೋಪ್ಲಾನಿನ ನಕಲನ್ನು ತಂದು ಹೆಸರು ಬದಲಿಸಿ ಸಹಿ ಮಾಡಬೇಡಿ. ನಮ್ಮ ಮೊದಲ ಪ್ಲಾನು ಹಾಗೇ ಆಗಿತ್ತು. ಒರತೆ ಬಿಟ್ಟುಹೋಗಲು ಅದೂ ಒಂದು ಕಾರಣ.

ಕೆರೆಯ ವಿಷಯ ಸ್ವಲ್ಪ ಸೂಕ್ಷ್ಮ. ಅದು ಯಾರಿಗೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ (2023ರಲ್ಲಿ ಇದರ ಹೆಸರು ಬದಲಾಯಿತು) ಪ್ರಕಾರ ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಕೇಂದ್ರದ ಒಪ್ಪಿಗೆ ಮೊದಲೇ ಬೇಕು. ಆದರೆ ಕಾಡಿನ ರಕ್ಷಣೆಗೆ ಬೇಕಾದ ಬೆಂಕಿರೇಖೆ (ಬೆಂಕಿ ಹಬ್ಬದಂತೆ ಸವರಿಟ್ಟ ಪಟ್ಟಿ), ಬೇಲಿ, ಅಗಳ, ಕಾಡುಪ್ರಾಣಿಗಳ ನೀರುಗುಂಡಿ ಇವು ‘ಬೇರೆ ಉದ್ದೇಶ’ ಅಲ್ಲ. ಅವನ್ನು ಮೈಕ್ರೋಪ್ಲಾನಿನಲ್ಲೇ ಸೇರಿಸಿ ಇಲಾಖೆ ಮಾಡಿಸಬಹುದು. ಊರಿಗೆ ಕುಡಿಯುವ ನೀರಿಗೋ ಗದ್ದೆಗೋ ಕೆರೆ ಬೇಕು ಅಂದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2) ನೋಡಿ. ಶಾಲೆ, ಅಂಗನವಾಡಿ, ರಸ್ತೆ, ಕೆರೆ, ನೀರಿನ ಪೈಪು ಹೀಗೆ 13 ಬಗೆಯ ಸೌಲಭ್ಯಕ್ಕೆ ಅಲ್ಲಿ ಅವಕಾಶ ಇದೆ. ಜಾಗ 1 ಹೆಕ್ಟೇರಿಗಿಂತ ಕಡಿಮೆ ಇರಬೇಕು. ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ಅದು ಸರ್ಕಾರ ನೋಡಿಕೊಳ್ಳುವ ಸೌಲಭ್ಯವಾಗಿರಬೇಕು, ಹಾಗಾಗಿ ನಿಮ್ಮ ಸಂಘಕ್ಕೆ ಇದು ಸಿಗುವುದಿಲ್ಲ. ಪಂಚಾಯ್ತಿಯೋ ಸಣ್ಣ ನೀರಾವರಿ ಇಲಾಖೆಯೋ ಕೇಳಬೇಕು. ಈ ದಾರಿಯಲ್ಲಿ ಹೋದರೆ ಫೈಲು ದೆಹಲಿವರೆಗೆ ಹೋಗಬೇಕಾಗಿಲ್ಲ, ಜಿಲ್ಲೆಯಲ್ಲೇ ತೀರ್ಮಾನ ಆಗುತ್ತದೆ. ಇದು ಎಷ್ಟೋ ಪಂಚಾಯ್ತಿ ಸದಸ್ಯರಿಗೇ ಗೊತ್ತಿಲ್ಲ.

ಇನ್ನೊಂದು ಮಾತು. ಕಡಿದಾದ ಇಳಿಜಾರಿನಲ್ಲಿ ಕೆರೆ, ಇಂಗುಗುಂಡಿ ಬೇಡ. ನೀರು ಇಂಗಿಸುವುದು ಒಳ್ಳೆಯದೇ, ಆದರೆ ಎಲ್ಲ ಕಡೆಯೂ ಅಲ್ಲ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆಗಳೇ ಹೋದವು. ಅದನ್ನು ನೋಡಿ ಬಂದ ಮೇಲೆ ಗುಡ್ಡದ ನೆತ್ತಿಯಲ್ಲಿ ನೀರು ನಿಲ್ಲಿಸುವ ಮಾತು ಬಂದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಮಣ್ಣು ಬಲ್ಲವರನ್ನು ಒಮ್ಮೆ ಕರೆಸಿ ತೋರಿಸಿ. ತಳದ ಸಮತಟ್ಟಿನಲ್ಲಿ ಹಳೆಯ ಹೊಂಡ ಇದ್ದರೆ ಹೂಳೆತ್ತುವುದು ಎಲ್ಲಕ್ಕಿಂತ ಒಳ್ಳೆಯದು.

ಏನು ನೆಡಬೇಕು ಅನ್ನುವುದಕ್ಕೆ ಬರುತ್ತೇನೆ. ಮೊದಲು ಲೆಕ್ಕ ಹಾಕೋಣ. ಎರಡು ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 2,500 ಗಿಡ ಬೇಕು. ನಿಮ್ಮ 40 ಎಕರೆ ಅಂದರೆ ಸುಮಾರು 16 ಹೆಕ್ಟೇರು. ಒಟ್ಟು 40,000 ಗಿಡ. 25 ಜನಕ್ಕೆ ಹಂಚಿದರೆ ತಲೆಗೆ 1,600. ನೆಡುವುದು ಹೇಗೋ ಆಗಬಹುದು. ಕಳೆ ತೆಗೆದು, ಬುಡಕ್ಕೆ ಮಣ್ಣು ಏರಿಸಿ, ಸತ್ತ ಕಡೆ ಮರುವರ್ಷ ಮತ್ತೆ ನೆಡುವುದು ಆಗುತ್ತಾ? ಆಗಲಾರದು ಅಂತ ನನಗೆ ಅನಿಸುತ್ತದೆ.

ಅಷ್ಟು ಗಿಡ ಬೇಕಾಗಿಯೂ ಇಲ್ಲ. ಬೋಳು ಅಂತ ಕಾಣುವ ಗುಡ್ಡ ಎಷ್ಟೋ ಸಲ ಬೋಳಲ್ಲ. ಮೊಣಕಾಲೆತ್ತರದ ಪೊದೆಗಳನ್ನು ಬಗ್ಗಿ ನೋಡಿ. ಮತ್ತಿ, ಹೊನ್ನೆ, ಕೌಲು, ನೇರಳೆ, ನೆಲ್ಲಿ ಇವುಗಳ ಹಳೆಯ ಬೇರು ನೆಲದಲ್ಲಿ ಜೀವ ಹಿಡಿದುಕೊಂಡು ಕೂತಿರುತ್ತದೆ. ವರ್ಷ ವರ್ಷ ಚಿಗುರುತ್ತದೆ, ದನ ಮೇಯುತ್ತದೆ, ಬೆಂಕಿ ತಾಗುತ್ತದೆ, ಮತ್ತೆ ಚಿಗುರುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲಕ್ಕೆ ಹಗ್ಗ ಕಟ್ಟಿ ಒಳಗೆ ಹೀಗೆ ಹಳೆಯ ಬೇರಿನಿಂದ ಚಿಗುರುವ ಕುಳೆ ಎಷ್ಟಿವೆ ಅಂತ ಎಣಿಸಿ. ಹತ್ತು ಸಿಕ್ಕರೆ ಹೆಕ್ಟೇರಿಗೆ 1,000 ಆಯಿತು. ಗುಡ್ಡದ ಹತ್ತಾರು ಕಡೆ ಹೀಗೆ ಎಣಿಸಿ ನಕ್ಷೆಯಲ್ಲಿ ಗುರುತು ಮಾಡಿ. ಕುಳೆ ಚೆನ್ನಾಗಿರುವ ಕಡೆ ಒಂದು ಗುಂಡಿಯನ್ನೂ ತೋಡಬೇಡಿ. ಬರೀ ಕಾಯಿರಿ. ನಮ್ಮ ಗುಡ್ಡದ ಉತ್ತರದ ಬದಿಯಲ್ಲಿ ನಾವು ಏನನ್ನೂ ನೆಡಲಿಲ್ಲ, ಹಣ ಸಾಲದೆ ಬಿಟ್ಟದ್ದು. ಇವತ್ತು ಹೆಚ್ಚು ದಟ್ಟವಾಗಿರುವುದು ಅದೇ.

1983ರಲ್ಲಿ ನಮ್ಮ ಸೀಮೆಯ ಸಾಲ್ಕಣಿಯಲ್ಲಿ, ಕಡಿಯುವುದನ್ನು ತಡೆಯಲು ಮರವನ್ನು ಅಪ್ಪಿಕೊಳ್ಳುವ ಅಪ್ಪಿಕೋ ಚಳವಳಿ ಶುರುವಾದಾಗ ಊರೂರಲ್ಲಿ ಕೇಳಿದ ಮಾತು ‘ಉಳಿಸು, ಬೆಳೆಸು, ಬಳಸು’. ಅದರಲ್ಲಿ ಉಳಿಸುವುದೇ ಮೊದಲು ಬಂದಿದೆ, ಅಲ್ವಾ? ನಾವು ಗಿಡದ ಲಾರಿ ಬಂದ ಕೂಡಲೇ ಎರಡನೆಯದಕ್ಕೆ ಹಾರುತ್ತೇವೆ.

ಮೇಲ್ಮಣ್ಣು ಹೋಗಿ ಪೂರ್ತಿ ಜಂಬಿಟ್ಟಿಗೆ ಕಲ್ಲು ಎದ್ದು, ಬೇರೂ ಇಲ್ಲದ ಜಾಗ ಒಂದಷ್ಟು ಇದ್ದೇ ಇರುತ್ತದೆ. ಅಲ್ಲಿ ಮಾತ್ರ ನೆಡಿ. ಮಲೆನಾಡಿನ ಬೋಳುಗುಡ್ಡಗಳಿಗೆಲ್ಲ ದಶಕಗಳ ಕಾಲ ಅಕೇಶಿಯಾ ತುಂಬಿದರು. ಅದು ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಕೆಟ್ಟ ಮಣ್ಣಿನಲ್ಲೂ ಬದುಕುತ್ತದೆ. ನಮ್ಮೂರಿನ ಒಲೆಗೆ ಅದರ ಕಟ್ಟಿಗೆ ಬೇಕಾದಷ್ಟು ಸಿಕ್ಕಿದೆ, ಅದನ್ನು ಮರೆಯಲಾರೆ. ಆದರೆ ಅದರ ಕೆಳಗೆ ದನಕ್ಕೆ ಹುಲ್ಲಿಲ್ಲ, ತೋಟಕ್ಕೆ ಬೇಕಾದ ಸೊಪ್ಪಿಲ್ಲ, ಹಕ್ಕಿಗೆ ಹಣ್ಣಿಲ್ಲ. ಕೆಳಕೇರಿಯವರಿಗೆ ಅದರಿಂದ ಬಂದದ್ದು ಕಡಿಮೆ, ಕಳೆದುಕೊಂಡದ್ದು ಜಾಸ್ತಿ. ನೀವು ನೆಡುವುದಾದರೆ ಉಪ್ಪಾಗೆ, ಮುರುಗಲು, ಹಲಸು, ಮಾವು, ನೆಲ್ಲಿ, ಅಂಟುವಾಳ ಕೇಳಿ. ಇಂಥ ಗಿಡ ಜೂನ್‌ನಲ್ಲಿ ನರ್ಸರಿಗೆ ಹೋಗಿ ಕೇಳಿದರೆ ಸಿಗುವುದಿಲ್ಲ. ಒಂದು ವರ್ಷ ಮೊದಲೇ ಹೇಳಿಡಬೇಕು. ಬೀಜವನ್ನು ಊರಿನ ಮಕ್ಕಳೇ ಆರಿಸಿ ಕೊಟ್ಟರೆ ಇನ್ನೂ ಒಳ್ಳೆಯದು. ಅಡಿಕೆ, ಕಾಫಿ, ಮೆಣಸಿನ ಬಳ್ಳಿ ಮಾತ್ರ ಯೋಚನೆಯಲ್ಲೂ ಬೇಡ. ಕಾಡಿನಲ್ಲಿ ಅವನ್ನು ಬೆಳೆಯುವುದು ಕಾನೂನಿನ ಪ್ರಕಾರವೇ ಬೇರೆ ಉದ್ದೇಶ.

ನೋಡಿಕೊಳ್ಳುವ ವಿಷಯದಲ್ಲಿ ನನ್ನ ಒತ್ತಾಯ ಒಂದೇ. ಹಣದ ಲೆಕ್ಕವನ್ನು ಹಿಂದಿನಿಂದ ಬರೆಯಿರಿ. ಐದನೇ ವರ್ಷ ಕಾವಲುಗಾರನ ಸಂಬಳ ಎಷ್ಟು, ಅದು ಎಲ್ಲಿಂದ ಬರುತ್ತದೆ? ನಾಲ್ಕನೇ ವರ್ಷ? ಮೂರನೇ ವರ್ಷ? ಹೀಗೆ ಬರುತ್ತಾ ಬರುತ್ತಾ ಮೊದಲ ವರ್ಷಕ್ಕೆ ಉಳಿದ ಹಣದಲ್ಲಿ ಎಷ್ಟು ಎಕರೆ ಆಗುತ್ತದೋ ಅಷ್ಟನ್ನೇ ಹಿಡಿಯಿರಿ. ಹತ್ತು ಎಕರೆ ಆದರೆ ಹತ್ತು. ನೆಡುವ ದಿನಕ್ಕೆ ಎಲ್ಲರೂ ಹಣ ಕೊಡುತ್ತಾರೆ, ಊಟ ಹಾಕಿಸುತ್ತಾರೆ, ಫೋಟೋಕ್ಕೂ ನಿಲ್ಲುತ್ತಾರೆ. ಮೂರನೇ ಬೇಸಿಗೆಯಲ್ಲಿ ಬೆಂಕಿರೇಖೆ ಸವರಲು ಹಣ ಕೇಳಿದರೆ ಕೊಡುವವರು ಇರುವುದಿಲ್ಲ. ಬೆಂಕಿಯೇ ನಮ್ಮ ದೊಡ್ಡ ಶತ್ರು. ಜನವರಿ ಮುಗಿಯುವುದರೊಳಗೆ ಸುತ್ತಲೂ ತರಗೆಲೆ ಗುಡಿಸಿ ರೇಖೆ ಮಾಡಿ ಮುಗಿಸಬೇಕು. ದರಕು ಒಯ್ಯುವವರಿಗೆ ಮೊದಲು ಆ ರೇಖೆಯ ಮೇಲಿನದ್ದನ್ನೇ ಒಯ್ಯಿರಿ ಅಂತ ಹೇಳಿ. ನಾವು ಹಾಗೆ ಮಾಡಿದ ಮೇಲೆ ಅರ್ಧ ಕೆಲಸ ಖರ್ಚಿಲ್ಲದೆ ಆಯಿತು.

ಕಾವಲುಗಾರನನ್ನು ಗುಡ್ಡ ಹೆಚ್ಚು ಬಳಸುವ ಕೇರಿಯಿಂದಲೇ ಆರಿಸಿ. ಸಮಿತಿಯ ಖಾತೆ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರ ಸಹಿಯಲ್ಲಿ ಇರುತ್ತದೆ. ಆ ಪಾಸ್‌ಬುಕ್ಕಿನ ನಕಲನ್ನು ಪ್ರತಿ ಆರು ತಿಂಗಳಿಗೆ ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಯಾರೂ ಕೇಳದಿದ್ದರೂ ಅಂಟಿಸಿ. ಕಟಾವಿನ ಹಣದಲ್ಲಿ, ಕಾಡಿನ ಕಿರು ಉತ್ಪನ್ನದಲ್ಲಿ ಊರಿನ ಪಾಲು ಎಷ್ಟು ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ, ಬಾಯಿಮಾತು ಬೇಡ. ಅಧಿಕಾರಿಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಹಿಂದಿನವರು ಒಪ್ಪಿದ್ದು ಹೊಸಬರಿಗೆ ಗೊತ್ತಿರುವುದಿಲ್ಲ. ಠರಾವು ಪುಸ್ತಕ ನಿಮ್ಮ ಹತ್ತಿರ ಸರಿಯಾಗಿದ್ದರೆ ಅರ್ಧ ಗಂಟೆಯಲ್ಲಿ ಅವರಿಗೂ ತಿಳಿಸಿಕೊಡಬಹುದು.

ಈಗ ನೀವು ಬರೆದಿರುವ ಸಮಯ ನೋಡಿದರೆ ಬೇಸಿಗೆ ಇನ್ನೂ ಪೂರ್ತಿ ಮುಂದಿದೆ. ಈ ವಾರ ಪಹಣಿಗೆ ಅರ್ಜಿ ಕೊಡಿ. ಭಾನುವಾರ ಬೆಳಿಗ್ಗೆ ದನ ಬಿಡುವ ಹೊತ್ತಿಗೆ ಇಬ್ಬರು ಮೂವರು ಗುಡ್ಡದ ಬುಡದಲ್ಲಿ ನಿಂತು, ಅವು ಯಾವ ಕಡೆ ತಿರುಗುತ್ತವೆ ಅಂತ ನೋಡಿ ಬನ್ನಿ.